ಫಿಲೋಮಿನಾ ಚರ್ಚಿಗೆ ವಯಸ್ಸೆಷ್ಟು, ಹೆಸರು ಯಾರದು?

ಮೈಸೂರಿನ ಅಶೋಕ ರಸ್ತೆಯ ಫಿಲೋಮಿನಾ ಚರ್ಚ್ ಬಗ್ಗೆ ಎರಡು ಪ್ರಶ್ನೆ ಮತ್ತೆ ಮತ್ತೆ ಬರುತ್ತವೆ. ಅದು 1843ರದ್ದೋ, 1933ರದ್ದೋ? ಫಿಲೋಮಿನಾ ಸಂತಳೇ ಅಲ್ಲ ಅಂತಾರಲ್ಲ, ನಿಜವೇ?

ಮೊದಲನೆಯದು ಸುಲಭ. 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಇಲ್ಲಿ ಸಣ್ಣದೊಂದು ಚರ್ಚ್ ಎದ್ದಿತ್ತು. ಅದರ ಶಾಸನವನ್ನು ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ನಾವು ಈಗ ನೋಡುವ ಕಟ್ಟಡ ಮಾತ್ರ ಇಪ್ಪತ್ತನೇ ಶತಮಾನದ್ದು.

ಎರಡನೆಯದಕ್ಕೆ ರೋಮಿಗೆ ಹೋಗಬೇಕು. 1802ರಲ್ಲಿ ಅಲ್ಲಿನ ನೆಲದಡಿಯ ಹಳೇ ಸಮಾಧಿಗಳ ನಡುವೆ ಒಬ್ಬ ಹುಡುಗಿಯ ಮೂಳೆಗಳು ಸಿಕ್ಕವು. ಸಮಾಧಿ ಮುಚ್ಚಿದ್ದ ಹೆಂಚುಗಳ ಮೇಲಿನ ಅಕ್ಷರಗಳು ಅದಲುಬದಲಾಗಿದ್ದವು. ಸರಿಯಾಗಿ ಜೋಡಿಸಿ ಓದಿದರೆ ‘ಫಿಲುಮೆನಾ, ನಿನಗೆ ಶಾಂತಿ’. ಆಕೆಯ ಬಗ್ಗೆ ಇದ್ದ ಸಾಕ್ಷಿ ಇಷ್ಟೇ. ಆದರೂ ಭಕ್ತಿ ಬೇಗ ಹಬ್ಬಿತು, ಫ್ರಾನ್ಸಿನಲ್ಲಂತೂ ಬಹಳ ಜಾಸ್ತಿ. ಮೈಸೂರು ಸೀಮೆಯಲ್ಲಿ ಆಗ ಕೆಲಸ ಮಾಡುತ್ತಿದ್ದ ಫಾದರ್‌ಗಳಲ್ಲಿ ಹೆಚ್ಚಿನವರು ಫ್ರೆಂಚರೇ, ಅದನ್ನು ಮರೆಯಬಾರದು.

1926ರಲ್ಲಿ ಮಹಾರಾಜರ ಹುಜೂರ್ ಕಾರ್ಯದರ್ಶಿ ತಂಬೂಚೆಟ್ಟಿಯವರು ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ಸಂತಳ ಪವಿತ್ರ ಅವಶೇಷವನ್ನು ಪಡೆದು ತಂದರು. ಅದನ್ನು ಇಡಲು ತಕ್ಕ ಜಾಗ ಬೇಕಲ್ವಾ? ಫಾದರ್ ಕೊಶೆ ಅರಮನೆಗೆ ಹೋಗಿ ಕೇಳಿದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟರು. ಈ ಚರ್ಚಿಗೆ ಎರಡು ಅಡಿಪಾಯ, ಒಂದು ದೇವರ ದಯೆ, ಇನ್ನೊಂದು ಜನರ ಕೃತಜ್ಞತೆ ಎಂಬ ಅರ್ಥದ ಮಾತನ್ನು ಅವತ್ತು ಅವರು ಆಡಿದರು. ಒಬ್ಬ ಹಿಂದೂ ಅರಸರ ಬಾಯಲ್ಲಿ ಬಂದ ಈ ಮಾತು ನನಗೆ ಗೋಪುರಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಗೋಪುರಗಳೂ ಸಣ್ಣವೇನಲ್ಲ. ಒಂದೊಂದೂ 175 ಅಡಿ. ಮಾದರಿ ಜರ್ಮನಿಯ ಕೊಲೋನ್ ಚರ್ಚು. ಅಲ್ಲಿನ ಕೆಲಸ 1248ರಲ್ಲಿ ಶುರುವಾಗಿ ಮುಗಿದದ್ದು 1880ಕ್ಕೆ, ಅಂದರೆ ಮೈಸೂರಿನ ಅಡಿಗಲ್ಲಿಗೆ ಬರೀ 53 ವರ್ಷ ಮೊದಲು. ನಮ್ಮ ಚರ್ಚಿನ ನೆಲದ ನಕ್ಷೆ ಶಿಲುಬೆಯ ಆಕಾರದ್ದು. ಉದ್ದನೆಯ ಭಾಗದಲ್ಲಿ 800 ಜನ ಕೂರಬಹುದು. ಫ್ರಾನ್ಸಿನಿಂದ ಬಂದ ಬಣ್ಣದ ಗಾಜುಗಳಲ್ಲಿ ಯೇಸುವಿನ ಕಡೆಯ ಭೋಜನ, ಶಿಲುಬೆಯ ಮರಣ ಎಲ್ಲ ಇವೆ. ಬಿಸಿಲು ಬಿದ್ದಾಗ ಅವನ್ನು ನೋಡಬೇಕು. ಬಿಷಪ್ ರೆನೆ ಫ್ಯೂಗಾ ಅವರ ಕಾಲದಲ್ಲಿ ಕೆಲಸ ಮುಗಿಯಿತು. 1940ರಲ್ಲಿ ಬೆಂಗಳೂರು ಬೇರೆ ಧರ್ಮಕ್ಷೇತ್ರ, ಅಂದರೆ ಬೇರೊಬ್ಬ ಬಿಷಪ್ಪರ ಆಡಳಿತ ಪ್ರದೇಶ, ಆದ ಮೇಲೆ ಇದು ಮೈಸೂರಿನ ಪ್ರಧಾನಾಲಯ, ಅಂದರೆ ಬಿಷಪ್ಪರ ಮುಖ್ಯ ಚರ್ಚು, ಆಯಿತು.

ಆಮೇಲೆ 1961. ಆಕೆಯ ಬದುಕಿಗೆ ಇತಿಹಾಸದ ಆಧಾರ ಸಾಲದೆಂದು ರೋಮ್, ಆಗಸ್ಟ್ 11ರ ಫಿಲೋಮಿನಾ ಹಬ್ಬವನ್ನು ಪೂಜಾ ಪಂಚಾಂಗದಿಂದ ತೆಗೆಯಿತು. ಗೊಂದಲ ಶುರುವಾದದ್ದೇ ಇಲ್ಲಿ. ತೆಗೆದದ್ದು ಹಬ್ಬವನ್ನು. ಪ್ರಾರ್ಥಿಸಬೇಡಿ ಎಂದು ಯಾರೂ ಹೇಳಲಿಲ್ಲ. ಈಗ ಚರ್ಚಿನ ಹೆಸರಲ್ಲಿ ಸಂತ ಜೋಸೆಫರೂ ಸೇರಿದ್ದಾರೆ, ಸಂತೋಷವೇ. ಆದರೆ ಬಲಿಪೀಠದ ಕೆಳಗಿನ ನೆಲಮಾಳಿಗೆಗೆ ಇಳಿದು ನೋಡಿ. ಅಲ್ಲಿ ಮಲಗಿರುವುದು ಫಿಲೋಮಿನಾಳ ಮೂರ್ತಿಯೇ.