ತಪ್ಪಿದ ಉತ್ತರವನ್ನು ಬಿಟ್ಟು ಮುಂದೆ ಹೋಗಿ

ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ತಯಾರಿ ಮಾಡುವವರು ಶಿರಸಿ, ಕಾರವಾರದ ಕಡೆಯೂ ಈಗ ಕಡಿಮೆಯೇನಿಲ್ಲ. ನರ್ಸಿಂಗ್ ಮುಗಿಸಿದವರು, ಹೊರದೇಶಕ್ಕೆ ಎಂ.ಎಸ್. ಮಾಡಲು ಹೊರಟವರು. ಓದು, ಬರಹ ಹೇಗೋ ಸಂಭಾಳಿಸುತ್ತಾರೆ. ರೆಕಾರ್ಡಿಂಗ್ ಕೇಳಿ ಉತ್ತರ ಬರೆಯುವ ಲಿಸನಿಂಗ್‌ನ ನಾಲ್ಕನೇ ಭಾಗ ಅಂದರೆ ಮುಖ ಸಪ್ಪಗಾಗುತ್ತದೆ.

ಅಲ್ಲಿ ಒಬ್ಬರೇ ಮಾತಾಡುತ್ತಾರೆ, ಕಾಲೇಜಿನ ಪಾಠದ ಹಾಗೆ. 40 ಪ್ರಶ್ನೆಗಳಲ್ಲಿ ಕೊನೆಯ 10 ಇಲ್ಲಿವೆ. ರೆಕಾರ್ಡಿಂಗ್ ಕೇಳಿಸುವುದು ಒಂದೇ ಸಲ, ನಡುವೆ ಬಿಡುವಿಲ್ಲ. 33ನೇ ಉತ್ತರ ತಪ್ಪಿತು ಅಂತ ಪೇಚಾಡುತ್ತ ಕೂತರೆ 34, 35 ಕೂಡ ದಾಟಿ ಹೋಗುತ್ತವೆ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ, ಇಂಗ್ಲಿಷ್ ಬಾರದೆ ಅಲ್ಲ.

ನಮ್ಮ ಕಡೆ ತಾಳಮದ್ದಳೆ ಕೇಳುವವರನ್ನು ನೋಡಿ. ಅರ್ಥಧಾರಿಯ ಪ್ರತಿ ಶಬ್ದವೂ ಅವರಿಗೆ ತಿಳಿಯುತ್ತದೆ ಅಂತಿಲ್ಲ. ಆದರೆ ವಾದ ಎಲ್ಲಿ ತಿರುಗಿತು ಅಂತ ಥಟ್ಟನೆ ಗೊತ್ತಾಗುತ್ತದೆ. ಲೆಕ್ಚರ್‌ನಲ್ಲೂ ಹಿಡಿಯಬೇಕಾದ್ದು ಆ ತಿರುವನ್ನೇ. 'ಹೌಎವರ್', 'ಲೆಟ್ಸ್ ಟರ್ನ್ ಟು', 'ಅನದರ್ ಪ್ರಾಬ್ಲಂ' ಕಿವಿಗೆ ಬಿದ್ದರೆ ವಿಷಯ ಮುಂದೆ ಹೋಗಿದೆ ಅಂತ ಅರ್ಥ. ಪ್ರಶ್ನೆಗಳು ಮಾತಿನ ಕ್ರಮದಲ್ಲೇ ಇರುವುದರಿಂದ ಮತ್ತೆ ಸೇರಿಕೊಳ್ಳಬಹುದು.

ಗೊತ್ತಿರುವ ವಿಷಯ ಬಂದರೆ ಸುಲಭ ಅಂದುಕೊಳ್ಳಬೇಡಿ. ಹೊನ್ನಾವರದ ಒಬ್ಬ ಹುಡುಗ ಶರಾವತಿ ಅಳಿವೆಯ ಕಾಂಡ್ಲಾ ಗಿಡಗಳನ್ನು ನೋಡುತ್ತಲೇ ಬೆಳೆದವನು. ಅಭ್ಯಾಸಕ್ಕೆ ಅದೇ ಕಾಂಡ್ಲಾ, ಇಂಗ್ಲಿಷಿನ ಮ್ಯಾಂಗ್ರೋವ್ ಬಗ್ಗೆ ಲೆಕ್ಚರ್ ಬಂತು. ಬೇರುಗಳಿಂದ ಏನು ಉಪಯೋಗ ಅನ್ನುವಲ್ಲಿ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತವೆ ಅಂತ ಬರೆದ. ನಿಜವೇ. ಆದರೆ ಅಲ್ಲಿ ಹೇಳಿದ್ದು ಮರಿ ಮೀನುಗಳಿಗೆ ಆಸರೆ ಅಂತ. ಅವನು ಬರೆದದ್ದು ಕೇಳಿದ್ದನ್ನಲ್ಲ, ಗೊತ್ತಿದ್ದನ್ನು.

ಅಭ್ಯಾಸಕ್ಕೆ ದಿನಕ್ಕೊಂದು ಹೊಸ ಟೆಸ್ಟ್ ಮುಗಿಸುವ ಚಟ ನನಗೆ ಹಿಡಿಸುವುದಿಲ್ಲ. ಅಂಕ ಎಣಿಸಿ ಮುಚ್ಚಿಟ್ಟರೆ ಏನು ಬಂತು? ಒಂದೇ ಲೆಕ್ಚರ್ ತೆಗೆದುಕೊಳ್ಳಿ. ಮೊದಲ ಸಲ ನಿಲ್ಲಿಸದೆ ಕೇಳಿ, ಉತ್ತರ ಬರೆಯಿರಿ. ಆಮೇಲೆ ಆ ಮಾತನ್ನೇ ಬರೆದಿಟ್ಟ ಸ್ಕ್ರಿಪ್ಟ್ ಇಟ್ಟುಕೊಂಡು ತಪ್ಪಿದ ಕಡೆ ಗುರುತು ಹಾಕಿ. ಶಬ್ದವೇ ಗೊತ್ತಿರಲಿಲ್ಲವಾ? ಗೊತ್ತಿದ್ದೂ ಕಿವಿಗೆ ಸಿಗಲಿಲ್ಲವಾ? ಎರಡನೆಯದೇ ಜಾಸ್ತಿ. ನಾವು 'ವೆಜಿಟೇಬಲ್' ಅಂತ ಬಿಡಿಸಿ ಹೇಳುತ್ತೇವೆ, ರೆಕಾರ್ಡಿಂಗ್‌ನವರ ಬಾಯಲ್ಲಿ ಅದು 'ವೆಜ್‌ಟಬಲ್'. 'ಕುಡ್ ಹ್ಯಾವ್' ಅನ್ನುವುದು 'ಕುಡವ್' ಆಗಿರುತ್ತದೆ. ಆ ಸಾಲನ್ನು ಅವರ ಜೊತೆಗೇ ಜೋರಾಗಿ ಹೇಳಿ. ಮನೆಯವರು ನಕ್ಕರೆ ನಗಲಿ. ಬಾಯಿಗೆ ಬಂದ ಮೇಲೆ ಕಿವಿಗೂ ಬೇಗ ಸಿಗುತ್ತದೆ.

ಐಐಟಿಗಳ ಆನ್‌ಲೈನ್ ವಿಡಿಯೊ ಪಾಠಗಳಾದ ಎನ್‌ಪಿಟಿಇಎಲ್ ಪಾಠಗಳು ಪುಕ್ಕಟೆ ಸಿಗುತ್ತವೆ, ಉದ್ದನೆಯ ವಿವರಣೆ ಕೇಳುವ ರೂಢಿಗೆ ಒಳ್ಳೆಯವು. ಆದರೆ ಅಲ್ಲಿರುವುದು ನಮ್ಮದೇ ಉಚ್ಚಾರಣೆ, ಬ್ರಿಟಿಷ್, ಆಸ್ಟ್ರೇಲಿಯನ್ ದನಿಗಳನ್ನೂ ಬೆರೆಸಿಕೊಳ್ಳಿ. ಸಬ್‌ಟೈಟಲ್ ಮಾತ್ರ ಮೊದಲ ಸಲ ಬೇಡವೇ ಬೇಡ.

ಇಂಥದ್ದೇ ಇನ್ನೊಂದು ಪರೀಕ್ಷೆ ಟೋಫೆಲ್ ಬರೆಯುವವರಿಗೆ ಲೆಕ್ಚರ್ ಮುಗಿದ ಮೇಲೆ ಪ್ರಶ್ನೆ ಕಾಣುತ್ತದೆ. ಹಾಗಾಗಿ ಅವರು ಚುಟುಕಾಗಿ ಟಿಪ್ಪಣಿ ಮಾಡಿಕೊಳ್ಳುವುದನ್ನೂ ಕಲಿಯಬೇಕು. ಐಇಎಲ್‌ಟಿಎಸ್‌ನವರು ಸ್ಪೆಲಿಂಗ್ ನೋಡಿಕೊಳ್ಳಿ. ಸರಿಯಾಗಿ ಕೇಳಿಸಿಕೊಂಡು ತಪ್ಪಾಗಿ ಬರೆದರೂ ಅಂಕ ಹೋಗುತ್ತದೆ. ಎರಡು ಶಬ್ದ ಮೀರಬಾರದು ಅಂತಿದ್ದ ಕಡೆ ಮೂರು ಬರೆದರೂ ಅಷ್ಟೇ.