ಇವತ್ತು ಬಂದ ಉತ್ತರ ಮುಂದಿನ ವಾರ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಪಾಠ ಮಾಡುವಾಗ ಮಕ್ಕಳು ಚೆನ್ನಾಗಿ ಉತ್ತರ ಹೇಳುತ್ತಾರೆ, ಲೆಕ್ಕ ಕೊಟ್ಟರೆ ಮಾಡಿ ತೋರಿಸುತ್ತಾರೆ. ಹತ್ತು ದಿನ ಬಿಟ್ಟು ಅದನ್ನೇ ಕೇಳಿದರೆ ಮೊದಲ ಸಲ ಕೇಳುತ್ತಿರುವ ಹಾಗೆ ಮುಖ ನೋಡುತ್ತಾರೆ. ತಪ್ಪು ನನ್ನ ಪಾಠದ್ದಾ, ಅವರ ಗಮನದ್ದಾ?

ಎರಡೂ ಅಲ್ಲ. ನೀವು ಅಳೆದ ಹೊತ್ತು ಸರಿ ಇಲ್ಲ, ಅಷ್ಟೆ. ಪಾಠ ಮುಗಿದ ಐದು ನಿಮಿಷಕ್ಕೆ ನಿಮ್ಮ ಮಾತು ಇನ್ನೂ ಕಿವಿಯಲ್ಲಿರುತ್ತದೆ, ಮಾದರಿ ಲೆಕ್ಕವನ್ನು ಬೋರ್ಡಿನಿಂದ ಇನ್ನೂ ಅಳಿಸಿರುವುದಿಲ್ಲ. ಆಗ ಉತ್ತರ ಬರದಿದ್ದರೇ ಆಶ್ಚರ್ಯ. ಅದನ್ನು ನೋಡಿ ನಾವು 'ಬಂತು' ಅಂದುಕೊಂಡು ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ.

ಮರೆವು ಎಷ್ಟು ಬೇಗ ಶುರುವಾಗುತ್ತದೆ ಅಂತ ಮೊದಲು ಲೆಕ್ಕ ಹಾಕಿ ನೋಡಿದವರು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹಾಸ್. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಲಿಯುವಾಗ ಮೊದಲಿಗಿಂತ ಎಷ್ಟು ಶ್ರಮ ಉಳಿಯಿತು ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆಯ ನಂತರ ಉಳಿದದ್ದು ಶೇ 44ರಷ್ಟು, ಒಂದು ದಿನದ ನಂತರ ಶೇ 34ರಷ್ಟು. ಆದರೆ ಒಂದು ತಿಂಗಳ ನಂತರವೂ ಶೇ 21ರಷ್ಟು ಉಳಿದಿತ್ತು! ಅಂದರೆ ದೊಡ್ಡ ಸೋರಿಕೆ ಮೊದಲ ದಿನವೇ ಆಗುತ್ತದೆ. ಅರ್ಥವಿರುವ ಪಾಠ ಇಷ್ಟು ಬೇಗ ಹೋಗುವುದಿಲ್ಲ ನಿಜ, ಆದರೆ ಜಾರುವ ರೀತಿ ಹೀಗೆಯೇ.

ಹಾಗಾದರೆ ಏನು ಮಾಡೋದು? ಮತ್ತೆ ಓದಿಸೋದು ಅಂತ ನಮ್ಮೆಲ್ಲರಿಗೂ ತೋಚುತ್ತದೆ, ಅಲ್ವಾ? 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಇದನ್ನೇ ಪರೀಕ್ಷಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಓದಲು ಒಂದು ಬರಹ ಕೊಟ್ಟರು. ಕೆಲವರು ಅದನ್ನೇ ಇನ್ನೊಂದು ಸಲ ಓದಿದರು. ಉಳಿದವರು ಅದನ್ನು ಪಕ್ಕಕ್ಕಿಟ್ಟು ನೆನಪಿದ್ದಷ್ಟನ್ನು ಖಾಲಿ ಹಾಳೆಯಲ್ಲಿ ಬರೆದರು, ಸರಿ-ತಪ್ಪು ಯಾರೂ ಹೇಳಲಿಲ್ಲ. ಐದು ನಿಮಿಷಕ್ಕೆ ಪರೀಕ್ಷಿಸಿದಾಗ ಓದಿದವರೇ ಮುಂದು: ಶೇ 81, ಬರೆದವರದ್ದು ಶೇ 75. ಒಂದು ವಾರ ಬಿಟ್ಟು ನೋಡಿದರೆ ತಲೆಕೆಳಗು. ಓದಿದವರಲ್ಲಿ ಉಳಿದದ್ದು ಶೇ 42, ಬರೆದವರಲ್ಲಿ ಶೇ 56. ಇನ್ನೊಂದು ಪ್ರಯೋಗದಲ್ಲಿ, ಪದೇ ಪದೇ ಓದಿದವರೇ 'ನಮಗೆ ಚೆನ್ನಾಗಿ ನೆನಪಿರುತ್ತದೆ' ಅಂತ ಹೆಚ್ಚು ಧೈರ್ಯದಿಂದ ಹೇಳಿದ್ದರು, ಕೊನೆಗೆ ಹಿಂದೆ ಬಿದ್ದವರೂ ಅವರೇ. ಪರೀಕ್ಷೆ ಮುಗಿಸಿ ಬಂದು 'ಎಲ್ಲಾ ಓದಿದ್ದೆ, ಅಲ್ಲಿ ಹೊಳೆಯಲೇ ಇಲ್ಲ' ಅನ್ನುವ ಮಗು ಸುಳ್ಳು ಹೇಳುತ್ತಿರುವುದಿಲ್ಲ. ಅದು ಕಣ್ಣಿಗೆ ಪರಿಚಯವಾದದ್ದನ್ನು ಗೊತ್ತಿರುವುದು ಅಂದುಕೊಂಡಿರುತ್ತದೆ.

ನೆನಪಿನಿಂದ ಎಳೆದು ತೆಗೆಯುವ ಆ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತದೆ. ಕ್ಲಾಸಿನಲ್ಲಿ ಇದಕ್ಕೆ ದೊಡ್ಡ ಏರ್ಪಾಡು ಏನೂ ಬೇಡ. ಪಿರಿಯಡ್ಡಿನ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿ, ನಾಲ್ಕು ಪ್ರಶ್ನೆ ಕೇಳಿ. ಎರಡು ನಿನ್ನೆಯದ್ದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ಎಲ್ಲರೂ ಬರೆಯಬೇಕು. ಇದು ಮುಖ್ಯ, ಯಾಕೆಂದರೆ 'ಯಾರಿಗೆ ಗೊತ್ತು?' ಅಂತ ಕೇಳಿದರೆ ದಿನಾ ಕೈ ಎತ್ತುವ ಅದೇ ಮೂವರು ನೆನಪು ಮಾಡಿಕೊಳ್ಳುತ್ತಾರೆ, ಉಳಿದವರು ಅವರ ಉತ್ತರಕ್ಕೆ ತಲೆಯಾಡಿಸುತ್ತಾ ಕೂತಿರುತ್ತಾರೆ. ಆಮೇಲೆ ಪುಸ್ತಕ ತೆಗೆದು ತಮ್ಮ ತಪ್ಪನ್ನು ತಾವೇ ತಿದ್ದಿಕೊಳ್ಳಲಿ. ತಿದ್ದದೆ ಬಿಟ್ಟರೆ ತಪ್ಪೇ ಊರಿಬಿಡುವ ಅಪಾಯ ಇದೆ. ಮಾರ್ಕ್ಸ್ ಮಾತ್ರ ದಯವಿಟ್ಟು ಬೇಡ. ಮಾರ್ಕ್ಸ್ ಬಂದ ಕೂಡಲೇ ಪಕ್ಕದವರ ಹಾಳೆ ಇಣುಕುವುದು ಶುರುವಾಗುತ್ತದೆ, ಮತ್ತೆ ಇದೂ ಒಂದು ಟೆಸ್ಟ್ ಆಗಿಬಿಡುತ್ತದೆ.

ಲೆಕ್ಕದ ವಿಷಯಕ್ಕೆ ಇನ್ನೊಂದು ಮಾತು. ಪುಸ್ತಕದ ಅಭ್ಯಾಸಗಳಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಲೆಕ್ಕಗಳು ಸಾಲಾಗಿರುತ್ತವೆ. ಮಗು ಮೊದಲನೆಯದನ್ನು ನೋಡಿ ಸೂತ್ರ ಹಿಡಿದರೆ ಸಾಕು, ಉಳಿದವುಗಳಲ್ಲಿ ಸುಮ್ನೆ ಅಂಕಿ ಬದಲಿಸುತ್ತಾ ಹೋಗಬಹುದು. ಸಂಶೋಧಕರಾದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಕೆಲವರಿಗೆ ಬಗೆಬಗೆಯಾಗಿ ವಿಂಗಡಿಸಿ, ಕೆಲವರಿಗೆ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ವಿಂಗಡಿಸಿ ಮಾಡಿದವರು ಶೇ 89 ಸರಿ, ಕಲಸಿ ಮಾಡಿದವರು ಶೇ 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರು ಶೇ 20ಕ್ಕೆ ಕುಸಿದರು, ಕಲಸಿದವರು ಶೇ 63ರಲ್ಲಿ ನಿಂತರು. ಇದನ್ನು ಮೊದಲ ಸಲ ಓದಿದಾಗ ನಾನು ಅಂಕಿಗಳನ್ನು ಎರಡೆರಡು ಸಲ ನೋಡಿದೆ. ಕಾರಣ ಸರಳ: ಪರೀಕ್ಷೆಯಲ್ಲಿ ಬೇಕಾಗುವುದು 'ಇಲ್ಲಿ ಯಾವ ಸೂತ್ರ?' ಅಂತ ಆರಿಸುವ ಬುದ್ಧಿ, ಸಾಲು ಲೆಕ್ಕಗಳಲ್ಲಿ ಅದಕ್ಕೆ ಕೆಲಸವೇ ಇಲ್ಲ.

ಹಾಗಂತ ಮೊದಲ ದಿನವೇ ಎಲ್ಲ ಕಲಸಿ ಕೊಡಬೇಡಿ. ಹೊಸ ವಿಷಯ ಕಲಿಯುವಾಗ ಮನಸ್ಸು ಒಮ್ಮೆಗೆ ಹಿಡಿದುಕೊಳ್ಳುವುದು ಸುಮಾರು ನಾಲ್ಕು ಸಂಗತಿ, ಅಷ್ಟೇ. ಆಗ ಬಿಡಿಸಿ ತೋರಿಸಿದ ಲೆಕ್ಕಗಳು ಬೇಕು, ಒಂದೊಂದು ಹೆಜ್ಜೆಗೂ 'ಇದು ಯಾಕೆ?' ಅನ್ನುವ ಮಾತು ಬೇಕು. ಕಲಸೋದೆಲ್ಲ ಆಮೇಲೆ. ಅರ್ಥವೇ ಆಗದ ಪಾಠವನ್ನು ನೆನಪಿಸಿಕೋ ಅಂದರೆ ಮಗು ತಾನೇ ಏನು ಮಾಡೀತು?

ಇನ್ನು 'ಈ ಮಗು ನೋಡಿ ಕಲಿಯುವುದು, ಆ ಮಗು ಕೇಳಿ ಕಲಿಯುವುದು' ಅಂತ ಮಕ್ಕಳನ್ನು ಗುಂಪು ಮಾಡುವ ಕೆಲಸ. ಆ ಗುಂಪಿಗೆ ತಕ್ಕ ಹಾಗೆ ಪಾಠ ಮಾಡಿದರೆ ಕಲಿಕೆ ಜಾಸ್ತಿಯಾಗುತ್ತದೆ ಅನ್ನಲು ಸರಿಯಾದ ಆಧಾರವಿಲ್ಲ ಅಂತ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪಾಶ್ಲರ್ ಮತ್ತು ಜೊತೆಗಾರರು 2008ರಲ್ಲೇ ಹೇಳಿದ್ದಾರೆ. ಆ ಸಮಯವನ್ನು ಮೇಲಿನ ನಾಲ್ಕು ಪ್ರಶ್ನೆಗೆ ಕೊಡಿ.

'ಪೋರ್ಷನ್ ಮುಗಿಸುವುದು ಯಾವಾಗ?' ಅಂತ ನೀವು ಕೇಳುವುದು ಗೊತ್ತು. ಮುಗಿಸಿದ ಪೋರ್ಷನ್ನನ್ನೇ ಪರೀಕ್ಷೆಗೆ ಮುಂಚೆ ಮತ್ತೆ ಮೊದಲಿಂದ ಹೇಳಿಕೊಡುವ ವಾರಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮೊದಮೊದಲು ಹಾಳೆಗಳು ಖಾಲಿ ಬರುತ್ತವೆ, ಮಕ್ಕಳು ಗೊಣಗುತ್ತಾರೆ, ನಿಮಗೂ ಕಸಿವಿಸಿಯಾಗುತ್ತದೆ. ಆದರೂ ಬಿಡಬೇಡಿ. ಒಂದೇ ಒಂದು ಕ್ಲಾಸಿನಲ್ಲಿ ಶುರು ಮಾಡಿ. ಇವತ್ತಿನ ಪಾಠದ ಟಿಪ್ಪಣಿಯ ಮೂಲೆಯಲ್ಲಿ ಅದನ್ನು ಮತ್ತೆ ಕೇಳುವ ಮೂರು ತಾರೀಖು ಬರೆದಿಡಿ: ನಾಳೆಯದ್ದು, ಮುಂದಿನ ವಾರದ್ದು, ಮುಂದಿನ ತಿಂಗಳದ್ದು.