ತಿರುಗಿ ನೋಡದ ನಾಯಿ

"ನಿಮ್ಮ ನಾಯಿಗೆ ಕಿವಿ ಕೇಳಲ್ವಾ ಅಕ್ಕಾ?"

ತೋಟದ ಕೆಲಸದವರ ಲೈನ್‌ಮನೆಯ ಹುಡುಗ ಹೀಗೆ ಕೇಳುವ ಹೊತ್ತಿಗೆ ನಾನು ಐದು ಸಲ "ಚೋಟೂ, ಬಾ" ಎಂದು ಕೂಗಿ ಸುಸ್ತಾಗಿದ್ದೆ. ಸೋಮವಾರಪೇಟೆ ಕಡೆಯ ನಮ್ಮ ಪುಟ್ಟ ತೋಟದ ಬೇಲಿ ಬುಡದಲ್ಲಿ ರಾತ್ರಿ ಕಾಡುಹಂದಿ ಬಂದು ಮಣ್ಣೆಲ್ಲ ಒಕ್ಕಿ ಹೋಗಿತ್ತು. ಚೋಟೂ ಬೀಗಲ್ ನಾಯಿ. ಬಾಲ ನೆಟ್ಟಗೆ ಮೇಲೆತ್ತಿ, ಮೂಗನ್ನು ಆ ಒಕ್ಕಿದ ಮಣ್ಣಿಗೆ ಅಂಟಿಸಿ ನಿಂತಿತ್ತು. ಮೂಗಿನ ತುದಿಯಲ್ಲಿ ಒಂದು ಜಿಗಣೆ ಜೋತಾಡುತ್ತಿತ್ತು, ಅದರ ಪರಿವೆಯೂ ಇರಲಿಲ್ಲ. ಕಿವಿಯೇನೋ ಚೆನ್ನಾಗಿಯೇ ಕೇಳುತ್ತದೆ. ಅಡುಗೆಮನೆಯಲ್ಲಿ ರಸ್ಕ್ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಕಾಫಿ ಕಣದ ಆ ತುದಿಯಿಂದ ಓಡಿ ಬರುತ್ತದೆ.

ಮಡಿಕೇರಿಯ ಚಿಕ್ಕಪ್ಪನ ಮನೆಯ ಲ್ಯಾಬ್ರಡಾರ್ ಒಂದು ವಾರದಲ್ಲಿ ಕೂರುವುದು, ಕಾಯುವುದು, ಕೈ ಕೊಡುವುದು ಎಲ್ಲ ಕಲಿತಿತ್ತು. ಹಾಗಾಗಿ ನಮ್ಮದು ದಡ್ಡ ನಾಯಿ ಎಂದು ಮನೆಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ಅದಕ್ಕೆ ಪುರಾವೆಯೂ ಇತ್ತು ಅನ್ನಿ. ಕೆನಡಾದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ 1994ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಬಾರ್ಡರ್ ಕೋಲಿ ಮೊದಲ ಸ್ಥಾನದಲ್ಲಿದೆ, ಬೀಗಲ್ ಕೊನೆಯ ಹತ್ತರ ಗುಂಪಿನಲ್ಲಿದೆ. ಆದರೆ ಆ ಪಟ್ಟಿ ತಯಾರಾದದ್ದು ವಿಧೇಯತೆಯ ಸ್ಪರ್ಧೆಗಳ ತೀರ್ಪುಗಾರರನ್ನು ಕೇಳಿ. ಹೇಳಿದ್ದನ್ನು ಯಾವ ನಾಯಿ ಎಷ್ಟು ಬೇಗ ಮಾಡುತ್ತದೆ ಎನ್ನುವುದಷ್ಟೇ ಅಲ್ಲಿನ ಲೆಕ್ಕ. ಜನ ಅದನ್ನು ಬುದ್ಧಿವಂತಿಕೆಯ ರ‍್ಯಾಂಕ್ ಪಟ್ಟಿ ಅಂದುಕೊಂಡರು.

ಲ್ಯಾಬ್ರಡಾರ್‌ನ ಪೂರ್ವಿಕರ ಕಸುಬು ಬೇಟೆಗಾರನ ಪಕ್ಕದಲ್ಲಿ ಕಾಯುವುದು, ಹಕ್ಕಿ ಬಿದ್ದರೆ ಸನ್ನೆ ನೋಡಿ ಹೋಗಿ ಎತ್ತಿಕೊಂಡು ಬರುವುದು. ಯಜಮಾನನ ಮುಖ ನೋಡುವುದೇ ಅದರ ಅರ್ಧ ಕೆಲಸ. ಬೀಗಲ್‌ನದು ತದ್ವಿರುದ್ಧ. ಇಂಗ್ಲೆಂಡಿನಲ್ಲಿ ಮೊಲದ ಜಾಡು ಹಿಡಿದು ಗುಂಪಾಗಿ ಓಡಲೆಂದೇ ಬೆಳೆಸಿದ ತಳಿ ಅದು. ಅಲ್ಲಿ ನಾಯಿ ಮುಂದೆ, ಮನುಷ್ಯ ಹಿಂದೆ. ಎರಡು ನಿಮಿಷಕ್ಕೊಮ್ಮೆ ನಿಂತು "ಮುಂದೇನು?" ಎಂದು ತಿರುಗಿ ನೋಡುವ ಬೀಗಲ್ ಇದ್ದಿದ್ದರೆ ಮೊಲ ಅಷ್ಟರಲ್ಲಿ ಊರು ದಾಟಿರುತ್ತಿತ್ತು. ನಮ್ಮ ಹಿರಿಯರು ಹೇಳುವ ಹಳೆಯ ಹಂದಿ ಬೇಟೆಯ ಕಥೆಗಳಲ್ಲೂ ಇದೇ ಇದೆ. 1972ರ ವನ್ಯಜೀವಿ ಕಾಯ್ದೆ ಬರುವ ಮುಂಚಿನ ಮಾತು. ಕೋವಿ ಹಿಡಿದವರು ದಾರಿ ಕಟ್ಟಿ ನಿಲ್ಲುತ್ತಿದ್ದರು, ನಾಯಿಗಳು ಪೊದೆಯೊಳಗೆ ನುಗ್ಗುತ್ತಿದ್ದವು. ಒಳಗೆ ಹೋದ ಮೇಲೆ ಹಂದಿಯನ್ನು ಎಡಕ್ಕೆ ಅಟ್ಟಬೇಕೋ ಬಲಕ್ಕೆ ಅಟ್ಟಬೇಕೋ ಎಂದು ಹೇಳಲು ಅಲ್ಲಿ ಯಾರೂ ಇರುತ್ತಿರಲಿಲ್ಲ.

ಹಂಗೇರಿಯ ಬುಡಾಪೆಸ್ಟ್‌ನ ವಿಜ್ಞಾನಿಗಳು 2003ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ನಾಯಿಗಳಿಗೂ ಮನುಷ್ಯರ ಕೈಯಲ್ಲೇ ಬೆಳೆದ ತೋಳಗಳಿಗೂ ಮಾಂಸ ತೆಗೆದುಕೊಳ್ಳುವ ಒಂದು ಉಪಾಯ ಕಲಿಸಿ, ಆಮೇಲೆ ಆ ಉಪಾಯ ನಡೆಯದ ಹಾಗೆ ಮಾಡಿದರು. ತೋಳಗಳು ಅದರ ಜೊತೆ ತಾವೇ ಗುದ್ದಾಡುತ್ತಿದ್ದವು. ನಾಯಿಗಳು ಸ್ವಲ್ಪ ಹೊತ್ತು ನೋಡಿ, ಹಿಂದೆ ನಿಂತ ಮನುಷ್ಯನ ಮುಖದತ್ತ ತಿರುಗಿದವು. 2009ರಲ್ಲಿ ಅದೇ ಊರಿನ ಸಂಶೋಧಕರು ಇನ್ನೊಂದು ಮಾತು ಸೇರಿಸಿದರು: ಮನುಷ್ಯನ ಕಣ್ಣೆದುರು ಕೆಲಸ ಮಾಡಲು ಬೆಳೆಸಿದ ತಳಿಗಳು ಬೆರಳು ತೋರಿಸಿದ ಕಡೆ ಹೋಗುವುದರಲ್ಲಿ ಮುಂದು, ಒಂಟಿಯಾಗಿ ದುಡಿಯಲು ಬೆಳೆಸಿದವು ಹಿಂದು.

ಇದನ್ನು ಓದಿದ ಮೇಲೆ ನನಗೂ ಕೈ ಸುಮ್ಮನಿರಲಿಲ್ಲ. ಚಿಕ್ಕಪ್ಪ ಬಂದಿದ್ದ ಭಾನುವಾರ ಒಂದು ಸ್ಟೀಲ್ ಡಬ್ಬಿಗೆ ಬೇಯಿಸಿದ ಹಂದಿಮಾಂಸದ ಚೂರು ಹಾಕಿದೆ. (ಮಸಾಲೆಗೆ ಮುಂಚೆಯೇ ತೆಗೆದಿಟ್ಟದ್ದು. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ.) ಮೊದಮೊದಲು ಮುಚ್ಚಳ ಸಡಿಲ ಬಿಟ್ಟು, ಆಮೇಲೆ ಬಿಗಿಯಾಗಿ ಒತ್ತಿದೆ. ಲ್ಯಾಬ್ರಡಾರ್ ಎರಡು ಸಲ ಪರಚಿ ನನ್ನ ಮುಖ ನೋಡಿತು. ಡಬ್ಬಿ ನೋಡಿತು. ಮತ್ತೆ ನನ್ನ ಮುಖ. ಚೋಟೂ ಡಬ್ಬಿಯನ್ನು ಕಣದ ತುಂಬ ಉರುಳಿಸಿ, ಕಚ್ಚಿ ನೆಗ್ಗಿಸಿ, ಕೊನೆಗೆ ಕಾಫಿ ಗಿಡದ ಬುಡಕ್ಕೆ ಎಳೆದುಕೊಂಡು ಹೋಗಿ ಕೂತಿತು. ನಾನೊಬ್ಬಳು ಅಲ್ಲಿದ್ದೇನೆ ಎನ್ನುವುದೇ ಅದಕ್ಕೆ ನೆನಪಿದ್ದಂತಿರಲಿಲ್ಲ. ಲೈನ್‌ಮನೆಯ ನಾಟಿ ನಾಯಿ ಕರಿಯ ಮಾತ್ರ ಹತ್ತು ಹೆಜ್ಜೆ ದೂರ ನಿಂತು, ಡಬ್ಬಿಯನ್ನೂ ನೋಡದೆ, ನನ್ನ ಕೈ ನೋಡುತ್ತಿತ್ತು. ಕಲ್ಲು ಇದೆಯಾ ಎಂದು.

ಕರಿಯನ ತೊಂದರೆ ಬೇರೆಯೇ. ಕೋಲ್ಕತ್ತಾದ ವಿಜ್ಞಾನ ಸಂಶೋಧನಾ ಸಂಸ್ಥೆ ಐಸರ್‌ನಲ್ಲಿ ಅನಿಂದಿತಾ ಭದ್ರಾ ಅವರ ತಂಡ ಬೀದಿನಾಯಿಗಳ ಮುಂದೆ ಎರಡು ಬಟ್ಟಲು ಇಟ್ಟು, ಒಂದರತ್ತ ಬೆರಳು ತೋರಿಸಿ ನೋಡಿತು. ಸುಮಾರು ಅರ್ಧದಷ್ಟು ನಾಯಿಗಳು ಹತ್ತಿರವೇ ಬರಲಿಲ್ಲ. ಬಂದವುಗಳಲ್ಲಿ ಹತ್ತಕ್ಕೆ ಎಂಟರಷ್ಟು, ಯಾರೂ ಏನೂ ಕಲಿಸದಿದ್ದರೂ, ತೋರಿಸಿದ ಬಟ್ಟಲಿಗೇ ಹೋದವು. ತಲೆ ಇಲ್ಲದ್ದಲ್ಲ, ಧೈರ್ಯ ಇಲ್ಲದ್ದು. ಮರಿ ಹುಟ್ಟಿದ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗಿನ ಅವಧಿಯಲ್ಲಿ ಮನುಷ್ಯನ ಸಲಿಗೆ ಸಿಗದ ನಾಯಿಗೆ ಆಮೇಲೆ ನಮ್ಮನ್ನು ನಂಬುವುದೇ ದೊಡ್ಡ ಪಾಠ. ಹೆದರಿದ ನಾಯಿಗೆ ಬೇರೇನೂ ತಲೆಗೆ ಹತ್ತುವುದಿಲ್ಲ.

ಹಾಗಂತ ಎಲ್ಲವನ್ನೂ ತಳಿಯ ತಲೆಗೆ ಕಟ್ಟುವಂತಿಲ್ಲ. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ವಿಚಾರಿಸಿ, ಅವುಗಳಲ್ಲಿ ಎರಡು ಸಾವಿರದಷ್ಟು ನಾಯಿಗಳ ಡಿಎನ್‌ಎ ನೋಡಿದ ಅಧ್ಯಯನವೊಂದು 2022ರಲ್ಲಿ ಬಂತು. ನಾಯಿ ನಾಯಿಗಳ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9 ಶೇಕಡಾ ಅಷ್ಟೇ. ಹೇಳಿದ ಮಾತಿಗೆ ಓಗೊಡುವ ಗುಣದಲ್ಲಿ ಮಾತ್ರ ತಳಿಯ ಗುರುತು ತುಸು ಗಾಢವಾಗಿತ್ತು. ವಯಸ್ಸೂ ಆಟ ಆಡಿಸುತ್ತದೆ. ಬ್ರಿಟನ್ನಿನಲ್ಲಿ 2020ರಲ್ಲಿ ಕಂಡದ್ದು: ಐದು ತಿಂಗಳಿನಲ್ಲಿ "ಕೂರು" ಎಂದರೆ ಕೂರುತ್ತಿದ್ದ ನಾಯಿ ಎಂಟನೇ ತಿಂಗಳಲ್ಲಿ ಸಾಕಿದವರ ಮಾತು ಅಷ್ಟಾಗಿ ಕೇಳುವುದಿಲ್ಲ, ಅಪರಿಚಿತರು ಹೇಳಿದರೆ ಕೇಳುತ್ತದೆ. ಪಿಯುಸಿ ಓದುವ ಮಗ ಮನೆಯಲ್ಲಿರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ನಮ್ಮ ತಪ್ಪುಗಳು. ನಾನು "ಕೂರು" ಅನ್ನುತ್ತಿದ್ದೆ, ನಮ್ಮೆಜಮಾನರು "ಸಿಟ್", ಅತ್ತೆ ಕೊಡವ ತಕ್ಕಿನಲ್ಲಿ ಇನ್ನೊಂದು. "ಬಾ" ಎಂದು ಕರೆಯುತ್ತಿದ್ದದ್ದು ಬಹುಪಾಲು ಸ್ನಾನಕ್ಕೆ, ಇಲ್ಲವೇ ಸರಪಳಿ ಹಾಕಲು. ಬಂದದ್ದಕ್ಕೆ ಶಿಕ್ಷೆ! ಅತ್ತ ಬೇಲಿ ಬುಡದಲ್ಲಿ ದಿನವೂ ಹೊಸ ವಾಸನೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶ ಐವತ್ತು ಅರವತ್ತು ಲಕ್ಷವಾದರೆ ಬೀಗಲ್‌ಗೆ 20 ಕೋಟಿಗೂ ಹೆಚ್ಚು. ಅದರ ಮೇಲೆ ಎಲ್ಲೋ ಒಮ್ಮೆ ಪೊದೆಯಲ್ಲಿ ಹೆಗ್ಗಣವೂ ಸಿಗುತ್ತದೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಇನಾಮಿನ ಚಟ ಬಲು ಗಟ್ಟಿ ಎನ್ನುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳಲ್ಲೇ ತೋರಿಸಿದ್ದರು. ಇಷ್ಟರ ಎದುರು ನನ್ನ ಒಣ ರಸ್ಕು ಯಾವ ಲೆಕ್ಕ?

"ಎರಡು ಏಟು ಬಿಗಿ" ಎಂದ ಪಕ್ಕದ ತೋಟದವರ ಸಲಹೆಯನ್ನು ನಾನು ಒಪ್ಪಲಿಲ್ಲ. ಪೋರ್ಚುಗಲ್‌ನಲ್ಲಿ 92 ನಾಯಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಗದರಿಸಿ ಎಳೆದಾಡಿ ಕಲಿಸಿದವುಗಳ ಜೊಲ್ಲಿನಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಿತ್ತು. ಕರಿಯನ ಹಾಗೆ ಕೈ ನೋಡುವ ಇನ್ನೊಂದು ನಾಯಿ ನನಗೆ ಬೇಕಿರಲಿಲ್ಲ.

ಮೂವತ್ತು ಅಡಿ ಹಗ್ಗ ತಂದೆ. ಬಿಟ್ಟು ನೋಡುವ ಮಾತೇ ಇಲ್ಲ, ಕತ್ತಲಾಗುತ್ತಲೇ ಚಿರತೆಯ ಭಯ, ಆನೆ ಕಂಡು ಬೊಗಳಿ ಓಡಿ ಬರುವ ನಾಯಿ ಆನೆಯನ್ನೂ ಜೊತೆಗೇ ಕರೆತರುತ್ತದೆ. ಮನೆಯವರೆಲ್ಲರಿಗೂ ಒಂದೇ ಪದ: "ಬಾ". ಮೂಗು ನೆಲಕ್ಕೆ ಅಂಟುವ ಮೊದಲೇ ಕರೆಯುವುದು, ಬಂದರೆ ಮಾಂಸದ ಚೂರು, ಕೂಡಲೇ "ಹೋಗು, ಮೂಸು". ವಾಸನೆಯನ್ನೇ ಇನಾಮು ಮಾಡಿದೆ.

ನಾಲ್ಕು ತಿಂಗಳಾಯಿತು. ಮೊನ್ನೆ ಮತ್ತೆ ಬೇಲಿ ಬುಡ, ಮತ್ತೆ ಹಂದಿ ಒಕ್ಕಿದ ಮಣ್ಣು, ಮೂಗು ಆಗಲೇ ಒಳಗೆ. ಒಂದೇ ಸಲ ಕರೆದೆ. ಚೋಟೂ ಬರಲಿಲ್ಲ. ಆದರೆ ತಲೆ ಎತ್ತಿ, ಮೂಗಿನ ಮೇಲೆ ಕೆಮ್ಮಣ್ಣು ಮೆತ್ತಿಕೊಂಡು, ನನ್ನ ಮುಖ ನೋಡಿತು. ಆ ನೋಟಕ್ಕೇ ಜೇಬಿನಲ್ಲಿದ್ದ ಅಷ್ಟೂ ಮಾಂಸ ಕೊಟ್ಟುಬಿಟ್ಟೆ.